ಎರಡನೇ ಕಿವಿ

ಅವರೊಡನೆ ನನ್ನ ಮೊದಲ ಮಾತು ಜಗಳದಿಂದಲೇ ಶುರುವಾಯಿತು, ಅದೂ ನಮ್ಮಿಬ್ಬರ ನಡುವೆ ದಪ್ಪ ಗಾಜಿನ ಕಿಟಕಿಯೊಂದು ಇದ್ದಾಗ.

ಆ ಕಂಪನಿಗೆ ನಾನು ಹೋದದ್ದು ಸಾಗಣೆ ಕೆಲಸಕ್ಕೆ. ಮಂಚ, ಬೀರು ಸಾಗಿಸುವ ಕೆಲಸ ಅಲ್ಲ, ಕೋಡ್ ಸಾಗಿಸುವ ಕೆಲಸ. ಒಂದು ಸಾಫ್ಟ್‌ವೇರಿನಲ್ಲಿ ಯಾರು, ಯಾವಾಗ, ಏನನ್ನು, ಯಾಕೆ ಬದಲಾಯಿಸಿದರು ಎಂಬುದನ್ನೆಲ್ಲ ಕಾಪಾಡಿಡುವ ಒಂದು ವ್ಯವಸ್ಥೆ ಇರುತ್ತದೆ. ಅಲ್ಲಿದ್ದದ್ದು ಸಬ್‌ವರ್ಷನ್ ಎಂಬ ಹಳೆಯದು. ಅದರೊಳಗಿದ್ದದ್ದನ್ನೆಲ್ಲ ಚೂರೂ ಚೆಲ್ಲದ ಹಾಗೆ ಗಿಟ್ ಎಂಬ ಹೊಸದಕ್ಕೆ ತಂದು ತುಂಬಿಸಬೇಕು. ತುಂಬಿಸಿದ ಮೇಲೆ ನಾನು ಬ್ಯಾಗ್ ಹೆಗಲಿಗೇರಿಸಿ ಮುಂದಿನ ಊರಿಗೆ, ಮುಂದಿನ ಕಂಪನಿಗೆ ಹೊರಡಬೇಕು. ಓದು ಮುಗಿದಾಗಿನಿಂದ ನನ್ನ ಬದುಕು ಹೀಗೇ. "ನನ್ನ ಮಗಳದು ಪ್ಯಾಕರ್ಸ್ ಅಂಡ್ ಮೂವರ್ಸ್" ಎಂದು ಅಪ್ಪ ಕಂಡವರಿಗೆಲ್ಲ ಹೇಳುತ್ತಾರೆ, ಅದೂ ಇಡೀ ಬೀದಿಗೆ ಕೇಳುವ ಹಾಗೆ. ಮುದ್ರಣಾಲಯದಲ್ಲಿ ಯಂತ್ರದ ಪಕ್ಕ ನಿಂತು ವಯಸ್ಸು ಕಳೆದವರು ಅವರು. ಆ ಯಂತ್ರ ಅವರ ಕಿವಿ ತಿಂದುಹಾಕಿದೆ.

ಆ ಕಂಪನಿಯ ಕೆಲಸವೂ ಕಿವಿಯದ್ದೇ. ಕಿವಿ ಕೇಳಿಸದವರು ಹಾಕಿಕೊಳ್ಳುವ ಪುಟ್ಟ ಯಂತ್ರಗಳೊಳಗಿನ ಸಾಫ್ಟ್‌ವೇರ್ ಬರೆಯುತ್ತಿದ್ದರು. ಎರಡನೇ ಮಹಡಿಯ ಉದ್ದನೆಯ ಹಾಲ್, ಸವೆದ ಕಾರ್ಪೆಟ್, ಪ್ರತಿ ಮೇಜಿನ ಮೇಲೂ ಕಿವಿಯ ಆಕಾರದ ಒಂದೊಂದು ರಬ್ಬರ್ ಗೊಂಬೆ. ಹಾಲಿನ ನಡುವೆ ಗೋಡೆಗೆಲ್ಲ ಸ್ಪಂಜು ಮೆತ್ತಿದ ಸಣ್ಣ ಕೋಣೆ. ಒಳಗೆ ಹೋಗಿ ಬಾಗಿಲು ಹಾಕಿಕೊಂಡರೆ ಹೊರಗಿನ ಪಿಸುಗುಟ್ಟುವಿಕೆಯೂ ಇಲ್ಲ. ಅದಕ್ಕೊಂದು ಗಾಜಿನ ಕಿಟಕಿ, ಮಾತಾಡಲು ಒಳಗೂ ಹೊರಗೂ ಒಂದೊಂದು ಮೈಕು, ಸ್ಪೀಕರು.

ಮೊದಲ ದಿನ ಆ ಕಿಟಕಿಯಲ್ಲಿ ಇಣುಕಿದಾಗ ಒಬ್ಬರು ಒಳಗೆ ಕಣ್ಣು ಮುಚ್ಚಿ ಕೂತಿದ್ದರು. ತೋಳು ಮಡಿಸಿದ ನೀಲಿ ಅಂಗಿ, ತಲೆಗೆ ಹೆಡ್‌ಫೋನ್. ಕಿವಿ ಸ್ವಲ್ಪ ಅಗಲವೇ. ಕೆಲಸ ನೋಡಿ ದೇವರು ಕೊಟ್ಟ ಹಾಗಿತ್ತು. ತಲೆ ಒಂದು ಪಕ್ಕಕ್ಕೆ ಚೂರು ವಾಲಿತ್ತು. ಯಾರೋ ಬಹಳ ದೂರದಿಂದ ಅವರನ್ನು ಕರೆಯುತ್ತಿದ್ದಾರೆ, ಅದೊಂದು ಮಾತು ತಪ್ಪಿಹೋಗಬಾರದು ಎಂಬಂತೆ ಕೂತಿದ್ದರು. ಸುಮ್ಮನೆ ಕೇಳಿಸಿಕೊಳ್ಳುತ್ತಿರುವ ಗಂಡಸು ಇಷ್ಟು ಚೆಂದ ಕಾಣಬಲ್ಲ ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಚೆಂದ ಚೆಂದದ ಪಾಡಿಗೆ, ನನಗೆ ಕೆಲಸವಿತ್ತು. ಗಾಜು ತಟ್ಟಿದೆ.

ಅವರು ಕಣ್ಣು ಬಿಟ್ಟರು. ಹೆಡ್‌ಫೋನ್ ತೆಗೆದು ಮೈಕಿನ ಬಳಿ ಬಗ್ಗಿ, "ಒಳ್ಳೆ ಕೆಲಸ ಮಾಡಿದ್ರಿ. ಇನ್ನು ಮೊದಲಿಂದ ಕೇಳ್ಬೇಕು" ಎಂದರು.

"ಕ್ಷಮಿಸಿ. ಒಂದೇ ನಿಮಿಷ. ಸರ್ವರ್ ನೋಡಿದೆ, ಒಂದು ಫೈಲಿಗೆ ನಿಮ್ಮ ಹೆಸರಲ್ಲಿ ಬೀಗ ಬಿದ್ದಿದೆ. ವರ್ಷಗಟ್ಟಲೆಯಿಂದ! ಅದನ್ನ ಬಿಡ್ಬೇಕು ನೀವು."

"ಬಿಡಲ್ಲ" ಎಂದರು. ಹೆಡ್‌ಫೋನ್ ಮತ್ತೆ ತಲೆಗೇರಿತು. ಕಣ್ಣು ಮುಚ್ಚಿತು.

ಮುಖಕ್ಕೆ ಹೊಡೆದ ಹಾಗಾಯಿತು ನನಗೆ. ಕೋಪ ನನಗೆ ಮೂಗಿನ ತುದಿಯಲ್ಲೇ ಇರುವಂಥದ್ದು. ಆದರೆ ಸ್ಪಂಜಿನ ಗೋಡೆಗೆ ಎಷ್ಟು ಕೂಗಾಡಿದರೇನು ಬಂತು?

ಬೀಗ ಎಂದರೆ ಅಂಥ ದೊಡ್ಡ ವಿಷಯವೇನಲ್ಲ. ಹಳೆಯ ವ್ಯವಸ್ಥೆಯಲ್ಲಿ ಒಂದು ಫೈಲನ್ನು ತಿದ್ದುವ ಮೊದಲು ಬೀಗ ಹಾಕಿಕೊಳ್ಳಬಹುದು. ಬೀಗ ಬಿಡುವವರೆಗೆ ಬೇರೆ ಯಾರೂ ಅದನ್ನು ಬದಲಾಯಿಸಲಾಗದು. ತಿದ್ದಿ ಮುಗಿದ ಮೇಲೆ ಎಲ್ಲರೂ ಬಿಟ್ಟುಬಿಡುತ್ತಾರೆ. ಇವರು ಮಾತ್ರ ಹಾಕಿದ್ದನ್ನು ಬಿಟ್ಟೇ ಇಲ್ಲ. ಬೀಗ ಇದೆ ಎಂದರೆ ತಿದ್ದುವುದು ಇನ್ನೂ ಬಾಕಿ ಎಂದರ್ಥ, ಕೊನೆಯ ಸಾಗಣೆಗೆ ಹಳೆಯದನ್ನು ಮುಚ್ಚುವಂತಿಲ್ಲ. ಆಫೀಸಿನಲ್ಲಿ ಅವರ ಹೆಸರೇ 'ಬೀಗ' ಎಂದಾಗಿಹೋಗಿತ್ತು.

"ಚಿನ್ನದಂಥ ಮನುಷ್ಯ ಕಣ್ರೀ" ಎಂದರು ಮ್ಯಾನೇಜರ್ ಮೇಡಂ, ಚಹಾ ಲೋಟ ನನ್ನತ್ತ ತಳ್ಳುತ್ತ. "ಆದ್ರೆ ಆ ಒಂದು ಫೈಲಿನ ವಿಷಯಕ್ಕೆ ಮಾತ್ರ ಜಪ್ಪಯ್ಯ ಅಂದ್ರೂ ಬಗ್ಗಲ್ಲ. ನಿಮ್ಮ ಹತ್ರ ಅಡ್ಮಿನ್ ಅಧಿಕಾರ ಇದೆಯಲ್ವಾ? ಒಡೆದುಬಿಡಿ, ಮುಗೀತು."

ಒಡೆಯಬಹುದಿತ್ತು. ಒಂದು ಸಾಲಿನ ಆಜ್ಞೆ ಸಾಕಿತ್ತು. ಯಾಕೋ ಕೈ ಏಳಲಿಲ್ಲ. ಆ ವಾಲಿದ ತಲೆ ಕಣ್ಣ ಮುಂದೆ ಬಂತು. ಮೊದಲು ಬೇರೆ ಕೆಲಸ ಮುಗಿಯಲಿ ಎಂದುಕೊಂಡೆ.

ಈ ಸಲದ ಕಂಪನಿ ನಮ್ಮೂರಿನದ್ದೇ ಆಗಿತ್ತು, ಹಾಗಾಗಿ ಮನೆಗೆ ಬಂದು ಅಪ್ಪನಿಗೆ ಇದನ್ನೆಲ್ಲ ಜೋರು ದನಿಯಲ್ಲಿ ಒಪ್ಪಿಸಿದೆ. "ಎಲ್ಲರೂ ಅವರನ್ನ ಬೀಗ, ಬೀಗ ಅಂತಾರಪ್ಪ!"

"ಬೀಗರಾ? ಇಷ್ಟು ಬೇಗ?" ಎಂದು ಅಪ್ಪ ಬ್ರೆಡ್ಡಿಗೆ ಬೆಣ್ಣೆ ಸವರುವುದನ್ನು ನಿಲ್ಲಿಸಿದರು. ಬೇಕೆಂದೇ ಹಾಗೆ ಕೇಳಿಸಿಕೊಂಡರೋ ಏನೋ. ಅಪ್ಪನ ಕಿವುಡು ಕೆಲವೊಮ್ಮೆ ಅವರ ಅನುಕೂಲಕ್ಕೆ ತಕ್ಕಂತೆ ಹೆಚ್ಚುಕಡಿಮೆಯಾಗುತ್ತದೆ.

*

ಮುಂದಿನದು ಪೂರ್ತಿ ನನ್ನದೇ ಎಡವಟ್ಟು.

ಹಳೆಯ ವ್ಯವಸ್ಥೆಗೆ ಪುಟ್ಟದೊಂದು ಲಾಗಿನ್ ಇದ್ದರೆ ಸಾಕು. ಹೊಸದಕ್ಕೆ ಪೂರ್ತಿ ಹೆಸರೂ ಬೇಕು, ಇಮೇಲೂ ಬೇಕು. ಯಾವ ಲಾಗಿನ್ ಯಾರದ್ದು ಎಂದು ನಾನು ಬರೆದುಕೊಟ್ಟರೆ, ಅವರವರು ಮಾಡಿದ ಕೆಲಸ ಅವರವರ ಹೆಸರಿನಲ್ಲಿ ಹೊಸ ಮನೆ ಸೇರುತ್ತದೆ. ಮಾದರಿಗಿರಲಿ ಎಂದು ಮೊದಲ ಸಾಲಿನಲ್ಲಿ ನನ್ನ ಹೆಸರನ್ನೇ ಹಾಕಿದ್ದೆ. ಆಮೇಲೆ ಬದಲಾಯಿಸಿದರಾಯಿತು ಎಂದುಕೊಂಡು ಮರೆತೆ. ಆ ಮೊದಲ ಸಾಲಿನ ಲಾಗಿನ್ 'ಬೀಗ' ಅವರದ್ದಾಗಿತ್ತು.

ಪ್ರಯೋಗಕ್ಕೆಂದು ಒಂದು ಸುತ್ತು ಸಾಗಿಸಿ, ಎಲ್ಲರೂ ನೋಡಿ ಹೇಳಿ ಎಂದು ತಿಳಿಸಿದೆ. ಮರುದಿನ ಬೆಳಿಗ್ಗೆ ನನ್ನ ಮೇಜಿನ ಪಕ್ಕ ನೀಲಿ ಅಂಗಿಯೊಂದು ಬಂದು ನಿಂತಿತು.

"ನಿಮ್ಮ ವಯಸ್ಸು ಕೇಳ್ಬಾರದು, ಗೊತ್ತು" ಎಂದರು ಗಂಭೀರವಾಗಿ. "ಆದ್ರೂ ಒಂದು ಅನುಮಾನ. ಈ ಕಂಪನಿಯ ಮೊದಲನೇ ಕೋಡ್ ಬರೆದಾಗ ನೀವು ಯಾವ ಕ್ಲಾಸಲ್ಲಿದ್ರಿ?"

"ಅಂದ್ರೆ?"

"ಯಾವ ಸಾಲು ತೆಗೆದು ನೋಡಿದ್ರೂ ಬರೆದವರು ನೀವೇ ಅಂತಿದೆ. ನಾನು ಇಷ್ಟು ವರ್ಷ ಇಲ್ಲಿ ಬರೀ ಚಹಾ ಕುಡ್ಕೊಂಡು ಕೂತಿದ್ದೆ ಅನ್ಸುತ್ತೆ."

ಪರದೆ ನೋಡಿದೆ. ಅವರ ಇಡೀ ದುಡಿಮೆ, ಮೇಲಿನಿಂದ ಕೆಳಗಿನವರೆಗೆ, ನನ್ನ ಹೆಸರಿನಲ್ಲಿ ಸಾಲುಗಟ್ಟಿ ನಿಂತಿತ್ತು. ನಾನು ನಾಲಿಗೆ ಕಚ್ಚಿಕೊಂಡೆ. ಪಕ್ಕದ ಮೇಜಿನವರು ಕಿಸಕ್ಕೆಂದರು.

"ಅಯ್ಯೋ! ಇದು ಪ್ರಯೋಗ ಅಷ್ಟೇ ರೀ. ಈಗಲೇ ಸರಿ ಮಾಡ್ತೀನಿ. ನಿಮ್ಮ ಕೆಲಸ ನಾನು ಯಾಕೆ ನನ್ನದು ಅಂತ..."

"ಕೆಲಸದ ಚಿಂತೆ ಇಲ್ಲ ನಂಗೆ. ಬೇಕಾದ್ರೆ ಇಟ್ಕೊಳ್ಳಿ" ಎಂದರು. ಒಂದು ಸಾಲಿನ ಮೇಲೆ ಬೆರಳಿಟ್ಟರು. "ಇದರಲ್ಲಿ ನನ್ನ ತಪ್ಪುಗಳೂ ಇವೆಯಲ್ಲ. ಇದು ನೋಡಿ, ಎಂಥ ಮುಠ್ಠಾಳ ಕೆಲಸ. ನಾಳೆ ಯಾರಾದ್ರೂ ನೋಡಿ ನಿಮ್ಮನ್ನ ಬೈದ್ರೆ ನಂಗೆ ಬೇಜಾರಾಗುತ್ತೆ. ಅದನ್ನ ಮಾತ್ರ ವಾಪಸ್ ಕೊಡಿ."

ಹೇಳುವಾಗ ಮುಖದಲ್ಲಿ ನಗುವಿನ ಸುಳಿವಿರಲಿಲ್ಲ. ತಿರುಗಿ ಹೋಗುವಾಗ ಮಾತ್ರ ತುಟಿಯಂಚಿನಲ್ಲಿ ಏನೋ ಮಿಸುಕಾಡಿದ್ದನ್ನು ನಾನು ಕಂಡೆ. ಕಂಡದ್ದು ಅವರಿಗೂ ಗೊತ್ತಾಯಿತು. ಬೇಗ ಬೇಗ ಹೆಜ್ಜೆ ಹಾಕಿದರು.

ಹೊಗಳಿಕೆಯನ್ನು ಬಿಟ್ಟುಕೊಟ್ಟು ತಪ್ಪನ್ನು ವಾಪಸ್ ಕೇಳುವವರನ್ನು ನಾನು ಕೆಲಸ ಮಾಡಿದ ಯಾವ ಕಂಪನಿಯಲ್ಲೂ ನೋಡಿರಲಿಲ್ಲ.

ಹೆಸರು ಸರಿಪಡಿಸಿದ ಮೇಲೆ, ಈ ಸಲವಾದರೂ ಸರಿಯಾಗಿದೆಯೇ ಎಂದು ಒಂದೊಂದನ್ನೇ ತೆಗೆದು ನೋಡಬೇಕಾಯಿತು. ಪ್ರತಿ ಬದಲಾವಣೆಯ ಜೊತೆ ಯಾಕೆ ಬದಲಾಯಿಸಿದೆ ಎಂದು ಒಂದೆರಡು ಮಾತು ಬರೆಯುವುದು ನಮ್ಮ ಕಸುಬಿನ ಪದ್ಧತಿ. ಮುಕ್ಕಾಲು ಪಾಲು ಜನ 'ಸರಿಪಡಿಸಿದೆ' ಎಂದು ಗೀಚಿ ಕೈ ತೊಳೆದುಕೊಳ್ಳುತ್ತಾರೆ. ಇವರು ಹಾಗೆ ಮಾಡಿರಲಿಲ್ಲ.

'ಚಮಚ ತಟ್ಟೆಗೆ ಬಿದ್ದರೆ ಕಿವಿಗೆ ಚುಚ್ಚುತ್ತೆ ಅಂತ ಒಬ್ಬ ಅಜ್ಜಿ ಹೇಳಿದರು. ನಾನು ಹಾಕಿಕೊಂಡು ಕೇಳಿದೆ. ಅಜ್ಜಿ ಹೇಳಿದ್ದು ಸರಿ.' ಇದು ಒಂದು ಕಡೆ. ಇನ್ನೊಂದು ಕಡೆ, 'ನಿನ್ನೆ ಮಾಡಿದ್ದು ತಪ್ಪು, ಹಿಂದಕ್ಕೆ ತೆಗೆದಿದ್ದೇನೆ. ತಪ್ಪು ನನ್ನದು, ಟೆಸ್ಟಿಂಗ್‌ನವರದಲ್ಲ.' ಮತ್ತೆ ಎಷ್ಟೋ ತಿಂಗಳ ನಂತರ, 'ಗಾಳಿಯ ಸದ್ದು ಪೂರ್ತಿ ತೆಗೆಯುವುದು ಬೇಡ. ಕಿಟಕಿ ತೆರೆದಿದೆ ಅಂತ ಗೊತ್ತಾಗುವುದು ಒಂದು ಸುಖ.'

ಆ ಕೊನೆಯದನ್ನು ಓದಿದಾಗ ನಮ್ಮ ಮನೆಯ ಕಿಟಕಿ ನೆನಪಾಯಿತು, ಅದರ ಬಳಿ ಕುರ್ಚಿ ಹಾಕಿ ಕೂರುವ ಅಪ್ಪ ನೆನಪಾದರು. ಕೋಡ್ ಬರೆಯುವವರನ್ನು ನಾನು ಬಹಳ ಜನ ನೋಡಿದ್ದೇನೆ. ತಾವೆಂದೂ ಕಾಣದ ಒಬ್ಬ ಮುದುಕನ ಸುಖವನ್ನು ಇಷ್ಟು ಜೋಪಾನವಾಗಿ ನೋಡಿಕೊಂಡವರನ್ನು ನೋಡಿರಲಿಲ್ಲ. ಮಧ್ಯಾಹ್ನದ ಬಿಸಿಲು ಮೇಜಿನ ಮೇಲೆ ಬಿದ್ದಿತ್ತು. ಹೆಸರು ಪರೀಕ್ಷಿಸುವ ಕೆಲಸ ಎಂದೋ ಮುಗಿದಿತ್ತು, ನಾನು ಮಾತ್ರ ಓದುತ್ತಲೇ ಇದ್ದೆ.

*

"ಬೀಗ ಯಾಕೆ?" ಎಂದು ಕೇಳಿಯೇಬಿಟ್ಟೆ ಒಂದು ದಿನ. ಅವರು ಚಹಾದ ಬಟ್ಟಲು ತೊಳೆಯುತ್ತಿದ್ದರು. ಬಟ್ಟಲನ್ನು ತೊಟ್ಟಿಯಲ್ಲಿಡುವಾಗ ಸದ್ದೇ ಆಗಲಿಲ್ಲ.

"ಅದರಲ್ಲಿ ಏನಿದೆ ಗೊತ್ತಾ ನಿಮಗೆ?"

"ಯಂತ್ರದಿಂದ ಶಬ್ದ ಎಷ್ಟು ಜೋರಾಗಿ ಬರಬಹುದು ಅನ್ನೋ ಮಿತಿ. ಪುಟ್ಟ ಮಕ್ಕಳ ಯಂತ್ರದ್ದು."

"ಹೂಂ. ಮಗುವಿನ ಕಿವಿಯ ಒಳಗೆ ಜಾಗ ಕಮ್ಮಿ. ನಮಗೆ ಹಿತವಾದ ಶಬ್ದ ಅಲ್ಲಿ ಜೋರಾಗುತ್ತೆ." ಕೈ ಒರೆಸಿಕೊಂಡರು. "ನಿಮ್ಮ ಹೊಸ ವ್ಯವಸ್ಥೆಯಲ್ಲಿ ಬೀಗ ಇಲ್ಲ. ಎಲ್ಲರ ಹತ್ರಾನೂ ಒಂದೊಂದು ಪ್ರತಿ. ನಾನೊಂದು ಸಾಲು ಬದಲಾಯಿಸ್ತೀನಿ, ಇನ್ನೊಬ್ಬರು ಇನ್ನೊಂದು ಸಾಲು. ಬೇರೆ ಬೇರೆಯಾಗಿ ಕೇಳಿದ್ರೆ ಎರಡೂ ಸರಿ. ಅದು ಎರಡನ್ನೂ ತಾನೇ ಬೆರೆಸಿ, ಏನೂ ತಕರಾರಿಲ್ಲ ಅಂತ ಮುಂದಕ್ಕೆ ಕಳಿಸುತ್ತೆ. ಬೆರೆತ ಮೇಲಿನ ಶಬ್ದಾನ ಯಾರು ಕೇಳಿದ್ರು ಹೇಳಿ?"

ನಾನು ನನ್ನ ಬಟ್ಟಲನ್ನು ನಲ್ಲಿಯ ಕೆಳಗೆ ಹಿಡಿದೆ.

"ಯಾರೂ ಕೇಳಿರಲ್ಲ. ಮೊದಲು ಕೇಳೋದೇ ಆ ಮಗು. ಜೋರಾಗಿದೆ, ನೋವಾಗ್ತಿದೆ ಅಂತ ಹೇಳೋಕೂ ಬರಲ್ಲ ಅದಕ್ಕೆ. ಅಳುತ್ತೆ. ಅಮ್ಮ ಹಸಿವು ಅಂದ್ಕೋತಾಳೆ."

ಈ ಮನುಷ್ಯನ ಬಗ್ಗೆ ಜಂಬದ ಕೋಳಿ ಎಂದು ಮೊದಲ ದಿನ ಅಂದುಕೊಂಡಿದ್ದೆನಲ್ಲ, ಆ ಮಾತನ್ನು ಅಲ್ಲೇ ನುಂಗಿದೆ. ನನ್ನ ಹೊಸ ವ್ಯವಸ್ಥೆಯ ಮೇಲೆ ನನಗೆ ಬೆಟ್ಟದಷ್ಟು ಹೆಮ್ಮೆಯಿತ್ತು. ಅದನ್ನು ಇವರು ನನಗಿಂತ ಚೆನ್ನಾಗಿ ಅರ್ಥ ಮಾಡಿಕೊಂಡಿದ್ದರು.

"ನಾನು ಒಡೆಯಲ್ಲ" ಎಂದೆ. "ನೀವಾಗೇ ಬಿಡೋ ಹಾಗೆ ಏನಾದ್ರೂ ಮಾಡ್ತೀನಿ."

"ನೋಡೋಣ" ಎಂದರು. ಮೊದಲ ಸಲ ನನ್ನನ್ನು ನೇರವಾಗಿ ನೋಡಿದರು. ಕೇಳುವಾಗ ಇರುತ್ತಿದ್ದ ಅದೇ ಗಮನ ಈಗ ಕಣ್ಣಿನಲ್ಲಿತ್ತು. ನನಗೆ ಬಟ್ಟಲು ತೊಳೆಯಬೇಕಿತ್ತು. ತೊಳೆದ ಬಟ್ಟಲನ್ನೇ ಇನ್ನೊಂದು ಸಲ ತೊಳೆದೆ.

ಮ್ಯಾನೇಜರ್ ಮೇಡಂ ಶುಕ್ರವಾರದವರೆಗೆ ಸಮಯ ಕೊಟ್ಟರು. ಅಷ್ಟರೊಳಗೆ ಅವರು ಬಿಡದಿದ್ದರೆ ನಾನು ಒಡೆಯಲೇಬೇಕು. ಒಡೆದರೆ ಕೆಲಸವೇನೋ ಆಗುತ್ತದೆ, ಆದರೆ ಆ ಮನುಷ್ಯ ಮತ್ತೆಂದೂ ನನ್ನನ್ನು ಹಾಗೆ ನೋಡುವುದಿಲ್ಲ. ಅವರಾಗಿಯೇ ಬಿಟ್ಟರೆ ಸಾಗಣೆ ಚೆನ್ನಾಗಿ ಮುಗಿಯುತ್ತದೆ, ನಾನು ಊರು ಬಿಡುತ್ತೇನೆ. ಎರಡರಲ್ಲೂ ಕಳೆದುಕೊಳ್ಳುವವಳು ನಾನೇ ಎಂದು ಗೊತ್ತಾದಾಗ ನನಗೆ ನಗುವೂ ಬಂತು, ಅಳುವೂ ಬಂತು. ಆದರೂ ಮನಸ್ಸಿಟ್ಟು ಕೂತೆ. ಪ್ರೀತಿಸುವವರಿಗೆ ಕೆಟ್ಟ ಕೆಲಸ ಮಾಡಿಕೊಡುವುದು ನನ್ನಿಂದ ಸಾಧ್ಯವಿರಲಿಲ್ಲ. ಹೌದು, ಪ್ರೀತಿಸುವವರಿಗೆ. ಅಷ್ಟು ಹೊತ್ತಿಗೆ ಅದು ನನಗೆ ಗೊತ್ತಾಗಿಹೋಗಿತ್ತು.

ಬುಧವಾರ ಅವರನ್ನು ಕರೆದು ತೋರಿಸಿದೆ.

"ಈ ಒಂದು ಫೈಲನ್ನ ನೀನಾಗಿ ಬೆರೆಸಬೇಡ ಅಂತ ಅದಕ್ಕೆ ಹೇಳಿಟ್ಟಿದ್ದೀನಿ. ಇಬ್ಬರು ಮುಟ್ಟಿದ್ರೆ ಅಲ್ಲೇ ನಿಂತು ಮನುಷ್ಯರನ್ನ ಕರೆಯುತ್ತೆ. ಆಮೇಲೆ, ಬದಲಾಯಿಸಿದವರು ಬಿಟ್ಟು ಇನ್ನೊಬ್ಬರು ಕೇಳಿ ಒಪ್ಪಿಗೆ ಕೊಡೋವರೆಗೂ ಯಾವುದೂ ಒಳಗೆ ಹೋಗಲ್ಲ. ಒಪ್ಪಿಗೆ ಸಿಕ್ಕ ಮೇಲೆ ಒಂದಕ್ಷರ ಬದಲಾದ್ರೂ ಮತ್ತೆ ಕೇಳ್ಬೇಕು."

ಅವರು ಕೆಡಿಸಲು ನೋಡಿದರು. ಇಬ್ಬರು ಮುಟ್ಟಿದ ಹಾಗೆ ಮಾಡಿದರು, ಒಪ್ಪಿಗೆ ಸಿಕ್ಕ ಮೇಲೆ ಕದ್ದು ಒಂದು ಅಂಕಿ ಬದಲಾಯಿಸಿದರು. ಪ್ರತಿ ಸಲವೂ ಅದು ತಡೆಯಿತು.

"ಚೆನ್ನಾಗಿದೆ" ಎಂದರು ಕೊನೆಗೆ, ಮೆಲ್ಲಗೆ. "ಆದ್ರೆ ಇನ್ನೊಬ್ಬರು ಯಾಕೆ? ನಾನೇ ಕೇಳ್ತೀನಲ್ಲ."

"ನಿಮಗೆ ನೆಗಡಿಯಾಗಿ ಕಿವಿ ಕಟ್ಟಿದ್ರೆ?"

"ವಾಸಿ ಆಗೋವರೆಗೆ ಕಾಯ್ತೀನಿ."

"ವಯಸ್ಸಾದ್ರೆ?"

ಅವರು ತಮ್ಮ ಅಗಲ ಕಿವಿಯನ್ನು ಒಮ್ಮೆ ಮುಟ್ಟಿಕೊಂಡರು. "ಹಕ್ಕಿ ದನಿ ಮೊದಲಿನಷ್ಟು ಚುರುಕಾಗಿ ಕೇಳ್ತಿಲ್ಲ ಅಂತ ನಂಗೂ ಈಚೆಗೆ ಅನ್ಸುತ್ತೆ" ಎಂದರು. "ಯಾರಿಗೂ ಹೇಳಿರಲಿಲ್ಲ."

"ಅದಕ್ಕೇ ಎರಡನೇ ಕಿವಿ."

"ಆ ಎರಡನೇ ಕಿವಿ ಚೆನ್ನಾಗಿದೆಯೋ ಇಲ್ಲವೋ ನೋಡೋದು ಬೇಡ್ವಾ?" ಎಂದು ಬಾಗಿಲು ತೆರೆದು ಹಿಡಿದರು. "ಬನ್ನಿ. ನಿಯಮ ಮಾಡಿದವರದ್ದೇ ಮೊದಲು."

ಸ್ಪಂಜಿನ ಕೋಣೆಯೊಳಗೆ ಕೂತೆ. ಹೆಡ್‌ಫೋನ್ ಅವರೇ ಹಾಕಿದರು. ಬೆರಳು ನನ್ನ ಕೂದಲಿಗೆ ತಾಗದಂತೆ ಅಷ್ಟು ಎಚ್ಚರ, ಉಸಿರನ್ನೂ ಹಿಡಿದಿದ್ದರು. ಕೈಗೊಂದು ಗುಂಡಿ ಕೊಟ್ಟು, "ಕೇಳಿಸಿದ ತಕ್ಷಣ ಒತ್ತಿ. ಅನುಮಾನ ಇದ್ರೂ ಒತ್ತಿ" ಎಂದು ಹೊರಗೆ ಹೋದರು.

ಬಾಗಿಲು ಮುಚ್ಚಿತು. ನನ್ನ ಎದೆ ಬಡಿತ ನನಗೇ ಕೇಳಿಸಿತು. ಗಾಜಿನಾಚೆ ಅವರು ಯಂತ್ರದ ಮುಂದೆ ಕೂತು ಸಣ್ಣ ಸಣ್ಣ ಸ್ವರ ಕಳಿಸತೊಡಗಿದರು. ಮೊದಮೊದಲು ಸುಲಭವಿತ್ತು. ಬರುಬರುತ್ತ ಸ್ವರ ಇದೆಯೋ ಇಲ್ಲವೋ ಎನ್ನುವಷ್ಟು ಕ್ಷೀಣವಾಯಿತು. ನಾನು ಮಾತ್ರ ಒಂದನ್ನೂ ಬಿಡದೆ ಒತ್ತಿದೆ.

ಸ್ಪೀಕರಿನಲ್ಲಿ ಅವರ ದನಿ ಬಂತು. "ಅದ್ಭುತ. ಬಾವಲಿಗೂ ಇಷ್ಟು ಚೆನ್ನಾಗಿ ಕೇಳಿಸಲ್ಲ."

"ಹೌದಾ?"

"ಈಗ ನಾನು ಸ್ವರಾನೇ ಕಳಿಸಿರಲಿಲ್ಲ. ಸುಮ್ಮನೆ ಹುಬ್ಬು ಏರಿಸಿದೆ. ನೀವು ಒತ್ತಿದ್ರಿ."

ಕಿವಿಯವರೆಗೂ ಬಿಸಿಯಾಯಿತು. ನಿಜ, ಅವರು ಸ್ವರ ಕಳಿಸುವಾಗಲೆಲ್ಲ ಎಡ ಹುಬ್ಬು ಕೂದಲೆಳೆಯಷ್ಟು ಏರುತ್ತಿತ್ತು. ನಾನು ಕೇಳುವುದನ್ನು ಬಿಟ್ಟು ಅದನ್ನೇ ನೋಡುತ್ತಿದ್ದೆ.

"ಕುರ್ಚಿ ಆ ಕಡೆ ತಿರುಗಿಸಿ" ಎಂದರು. ದನಿಯಲ್ಲಿ ನಗು ತುಂಬಿತ್ತು. "ಪರೀಕ್ಷೆ ಕಿವಿಗೆ. ಮುಖಕ್ಕಲ್ಲ."

ಬೆನ್ನು ಹಾಕಿ ಕೂತು ಇನ್ನೊಮ್ಮೆ ಪರೀಕ್ಷೆ ಕೊಟ್ಟೆ. ಪಾಸಾದೆ.

ಶುಕ್ರವಾರ ಬೆಳಿಗ್ಗೆ ನಾನು ಸರ್ವರ್ ತೆರೆಯುವ ಹೊತ್ತಿಗೆ ಆ ಫೈಲಿನ ಮೇಲೆ ಬೀಗ ಇರಲಿಲ್ಲ. ಅವರೇ ಬಿಟ್ಟಿದ್ದರು. ಹೇಳಿಯೂ ಇರಲಿಲ್ಲ, ತಮ್ಮ ಮೇಜಿನಲ್ಲಿ ತಲೆ ತಗ್ಗಿಸಿ ಕೂತಿದ್ದರು. ಹಳೆಯದರ ಬಾಗಿಲು ಮುಚ್ಚಿ ಸಾಗಣೆ ಶುರುಮಾಡಿದೆ. ಚಹಾದ ಹೊತ್ತಿಗೆಲ್ಲ ಮುಗಿಯಿತು. ಒಂದು ಸಾಲೂ ಚೆಲ್ಲಲಿಲ್ಲ. ಅಜ್ಜಿಯ ಚಮಚ, ಕಿಟಕಿಯ ಗಾಳಿ, ಮುಠ್ಠಾಳ ಕೆಲಸ, ಎಲ್ಲ ಅವರವರ ಹೆಸರಿನಲ್ಲೇ ಬಂದು ಸೇರಿತು. ಜನ ಚಪ್ಪಾಳೆ ತಟ್ಟಿದರು. ಅವರೂ ತಟ್ಟಿದರು, ಎಲ್ಲರೂ ನಿಲ್ಲಿಸಿದ ಮೇಲೂ ಒಂದೆರಡು ಸಲ.

*

ಸೋಮವಾರ ನನ್ನ ಕೊನೆಯ ದಿನ. ಮುಂದಿನ ಕಂಪನಿಯವರು ರೈಲಿನ ಟಿಕೆಟ್ ಕಳಿಸಲೇ ಎಂದು ಕೇಳಿದ್ದರು. ಉತ್ತರ ಕೊಡದೆ ಕೂತಿದ್ದೆ.

ಹೊಸ ವ್ಯವಸ್ಥೆಯಲ್ಲಿ ಮೊದಲ ಬದಲಾವಣೆ ಅವರದ್ದೇ, ಅದೇ ಫೈಲಿನದ್ದೇ. ಒಂದು ಮಿತಿಯನ್ನು ಚೂರು ಇಳಿಸಿದ್ದರು. ಎರಡನೇ ಕಿವಿ ಬೇಕಿತ್ತು. ಅದೇ ದಿನ ಅಪ್ಪನನ್ನೂ ಕರೆತಂದಿದ್ದೆ. ವಯಸ್ಸಾದವರು ಹೊಸ ಯಂತ್ರ ಹಾಕಿಕೊಂಡು ನೋಡಿ ಹೇಳಿದರೆ ಕಂಪನಿಗೆ ಉಪಕಾರ. ಅವರು ಅಪ್ಪನ ಮುಂದೆ ಮಂಡಿಯೂರಿ, ಕಿವಿಗೆ ಯಂತ್ರ ಕೂರಿಸಿ, ಅದನ್ನು ತಂತಿಯಿಲ್ಲದೆಯೇ ತಮ್ಮ ಮೈಕಿಗೆ ಜೋಡಿಸಿ ನಾಲ್ಕು ಮಾತಾಡಿಸಿದರು.

"ಈಗ ಹೇಗಿದೆ ಅಂಕಲ್?"

"ನೀನು ಕೂಗೋದು ಯಾಕಪ್ಪಾ?" ಎಂದರು ಅಪ್ಪ. ಅವರು ಕೂಗಿರಲಿಲ್ಲ. ಅಪ್ಪನ ಕಣ್ಣು ತುಂಬಿಬಂತು. ಆಮೇಲೆ ಹೊರಗಿನ ಬೆಂಚಿನ ಮೇಲೆ ಕೂತು, ಪೇಪರ್ ಮಡಿಸಿ ಬಿಡಿಸಿ, ಅದರ ಸರಸರ ಸದ್ದನ್ನೇ ಕೇಳುತ್ತಿದ್ದರು.

ನಾನು ಕೋಣೆಯೊಳಗೆ ಹೋಗಿ ಹೆಡ್‌ಫೋನ್ ಹಾಕಿಕೊಂಡು, ಗುಂಡಿ ಕೈಗೆತ್ತಿಕೊಂಡು, ಹೇಳಿಸಿಕೊಳ್ಳದೆ ಬೆನ್ನು ಹಾಕಿ ಕೂತೆ. ಚಮಚ ಬಿದ್ದ ಸದ್ದು, ಬಾಗಿಲ ಸದ್ದು, ಮಗುವಿನ ಅಳು, ನಾಯಿ ಬೊಗಳಿದ್ದು. ಒಂದೂ ಚುಚ್ಚಲಿಲ್ಲ. ಒಪ್ಪಿಗೆ ಎಂದೆ.

"ಮಾತಿನದ್ದೊಂದು ಬಾಕಿ ಇದೆ" ಎಂದಿತು ಹೆಡ್‌ಫೋನಿನಲ್ಲಿ ಅವರ ದನಿ. "ನಾನು ಹೇಳಿದ ಪದಾನ ತಿರುಗಿ ಹೇಳಿ. ಕಮ್ಮಿ ಮಾಡ್ತಾ ಹೋಗ್ತೀನಿ. ಮನೆ."

"ಮನೆ."

"ಹೂವು."

"ಹೂವು."

"ನೀರು." ಈಗ ಬಲು ಸಣ್ಣ ದನಿ.

"ನೀರು."

ಆಮೇಲೆ ಅವರು ಉಸಿರೆಳೆದುಕೊಂಡದ್ದು ಕೇಳಿಸಿತು. ನಂತರ ಇದೆಯೋ ಇಲ್ಲವೋ ಎನ್ನುವಷ್ಟು ಮೆಲ್ಲಗೆ, "ಹೋಗ್ಬೇಡಿ."

ಕೇಳಿಸಿತು. ಸ್ಪಷ್ಟವಾಗಿ ಕೇಳಿಸಿತು. ಇಷ್ಟು ಊರು ಸುತ್ತಿದ್ದೇನೆ, ಎಲ್ಲ ಕಡೆ ಹೂಗುಚ್ಛ ಕೊಟ್ಟು ಶುಭವಾಗಲಿ ಎಂದಿದ್ದಾರೆ. ಹೋಗಬೇಡ ಎಂದವರು ಒಬ್ಬರೂ ಇಲ್ಲ. ಇನ್ನೊಂದು ಸಲ ಕೇಳಬೇಕೆಂಬ ಆಸೆಗೆ ನಾನು ತುಟಿ ಪಿಟಕ್ಕೆನ್ನಲಿಲ್ಲ.

ದನಿ ಒಂದು ಮೆಟ್ಟಿಲು ಏರಿತು. "ಹೋಗ್ಬೇಡಿ."

"ಕೇಳಿಸ್ಲಿಲ್ಲ" ಎಂದೆ. ಗೋಡೆಯ ಸ್ಪಂಜಿಗೆ ಮುಖ ಮಾಡಿ ನಗುತ್ತಿದ್ದೆ, ಕಣ್ಣಿನಲ್ಲಿ ನೀರಿತ್ತು.

"ನೀವಂದ್ರೆ ನಂಗೆ ಇಷ್ಟ ಕಣ್ರೀ" ಎಂದರು ಈ ಸಲ, ತಡವರಿಸುತ್ತ, ಸಾಕಷ್ಟು ಜೋರಾಗಿ. "ಎಲ್ಲ ನಿಮ್ಮ ಹೆಸರಲ್ಲಿ ಬಂದಿತ್ತಲ್ಲ, ಆ ದಿನದಿಂದ. ಸರಿ ಮಾಡಿ ಅಂತ ನಾನೇ ಹೇಳ್ದೆ. ಹೇಳಿ ವಾಪಸ್ ಬಂದು, ಹಾಗೇ ಇದ್ದಿದ್ರೆ ಚೆನ್ನಾಗಿತ್ತು ಅನ್ಕೊಂಡೆ. ನೀವು ಮಾಡಿದ ನಿಯಮ ಇದೆಯಲ್ಲ, ಇನ್ನೊಬ್ಬರು ಕೇಳಿ ಒಪ್ಪಿಗೆ ಕೊಡೋವರೆಗೂ ಏನೂ ಆಗಲ್ಲ ಅಂತ. ಅದಕ್ಕೆ ಕೇಳ್ತಿದ್ದೀನಿ. ಕೇಳಿಸ್ತಾ?"

ಮತ್ತೊಂದು ಸಲ ಹೇಳಿಸಬೇಕೆಂದು ನಾನಿನ್ನೂ ಲೆಕ್ಕ ಹಾಕುತ್ತಿದ್ದೆ. ಅಷ್ಟರಲ್ಲಿ ಕೋಣೆಯ ದಪ್ಪ ಬಾಗಿಲು ಧಡಾರನೆ ತೆರೆಯಿತು. ಬಾಗಿಲಲ್ಲಿ ಅಪ್ಪ, ಕೈಯಲ್ಲಿ ಪೇಪರು.

"ಏ ಪುಟ್ಟಿ! ಅವನು ಆಗಿನಿಂದ ಬಾಯಿ ಬಾಯಿ ಬಡ್ಕೋತಾ ಇದಾನೆ, ಉತ್ತರ ಕೊಡಬಾರದಾ? ಹೊರಗೆ ಕೂತಿರೋ ನನಗೇ ಕೇಳಿಸ್ತು, ನಿಂಗೆ ಕೇಳಿಸ್ಲಿಲ್ವಾ?"

ನಾನು ಕುರ್ಚಿ ತಿರುಗಿಸಿದೆ. ಗಾಜಿನಾಚೆ ಅವರು ಕಲ್ಲಾಗಿ ಕೂತಿದ್ದರು. ಅಪ್ಪನ ಯಂತ್ರವನ್ನು ಮೈಕಿಗೆ ಜೋಡಿಸಿದ್ದನ್ನು ಬಿಚ್ಚಲು ಮರೆತಿದ್ದರು. ಒಂದು ಫೈಲನ್ನೂ ಕೇಳದೆ ಕಳಿಸದ ಮನುಷ್ಯ, ಆ ದಿನ ಮರೆತಿದ್ದರು. ಅಗಲ ಕಿವಿಗಳೆರಡೂ ಕೆಂಪಗಾಗಿದ್ದವು. ಹಾಲಿನಲ್ಲಿ ಎಲ್ಲರ ತಲೆಯೂ ನಮ್ಮತ್ತ ತಿರುಗಿತ್ತು. ಅಪ್ಪನ ದನಿ ಅಂಥದ್ದು.

"ಕೇಳಿಸ್ತು" ಎಂದೆ ಮೈಕಿನೊಳಗೆ. "ಮೊದಲನೇ ಸಲಾನೇ ಕೇಳಿಸ್ತು."

"ಮತ್ತೆ?"

"ಕೋಡ್ ಸಾಗಿಸೋಕೆ ನಾನು ಆ ಊರಲ್ಲೇ ಇರ್ಬೇಕು ಅಂತೇನಿಲ್ಲ. ಇಲ್ಲಿ ಕೂತೂ ಸಾಗಿಸಬಹುದು. ಇಷ್ಟು ದಿನ ಇರು ಅಂತ ಯಾರೂ ಅಂದಿರಲಿಲ್ಲ, ಅದಕ್ಕೇ ಹೋಗ್ತಿದ್ದೆ."

ಅವರ ಎಡ ಹುಬ್ಬು ಮಾತ್ರ ಕೂದಲೆಳೆಯಷ್ಟು ಏರಿತು.

ಕೈಯಲ್ಲಿ ಗುಂಡಿ ಇನ್ನೂ ಇತ್ತು. ಅವರ ಮುಖ ನೋಡಿಕೊಂಡೇ ಒತ್ತಿದೆ.